ಹಗೇವಿನ ಕೆಳಗಿನ ಊರು

ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಬಂದ ಟ್ರ್ಯಾಕ್ಟರುಗಳ ಪಾಳಿ ರಸ್ತೆಯವರೆಗೂ ಬೆಳೆದಿರುತ್ತಿತ್ತು. ಉಳಿದ ಡ್ರೈವರುಗಳು ಟ್ರೇಲರಿನ ನೆರಳಿಗೆ ಕುಂತು ಇಸ್ಪೀಟು ಆಡುತ್ತಿದ್ದರು. ನಾನು ಸ್ಟೇರಿಂಗಿನ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ.

“ಏನ್ರೀ ಮಾಸ್ತರ, ಈ ವರ್ಷನರ ಪಾಸ್ ಆಗ್ತೀರೇನು?” ಎಂದು ಅವರು ಕಾಡುತ್ತಿದ್ದರು.

“ಪಾಸ್ ಆಗಿದ್ರ ನಿಮ್ಮಂಥಾವ್ರ ಹಿಂದ ಯಾಕ ಪಾಳೇಕ ನಿಂದರತಿದ್ದೆ?” ಎನ್ನುತ್ತಿದ್ದೆ.

ಐದನೇ ತರಗತಿಗೇ ಸಾಲಿ ಬಿಟ್ಟವನು ನಾನು. ದುಡಿದು ಉಂಡವನು, ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ಓದನ್ನೂ ಹಾಗೆಯೇ, ಹಟಕ್ಕೆ ಬಿದ್ದು ಉಳಿಸಿಕೊಂಡಿದ್ದೆ. ನನ್ನ ಪುಸ್ತಕಗಳು ಬೈಲಹೊಂಗಲದ ರದ್ದಿ ಅಂಗಡಿಯವು. ನನ್ನ ಕೈಗೆ ಬರುವ ಹೊತ್ತಿಗೆ ಅವುಗಳ ಕೊನೆಯ ಹಾಳೆಗಳು ಶೇಂಗಾ ಕಟ್ಟಲು ಹೋಗಿರುತ್ತಿದ್ದವು. ಒಂದು ಪುಸ್ತಕದಲ್ಲಿ ಒಬ್ಬ ಮನುಷ್ಯ ನೆಲದ ಬಿರುಕಿನೊಳಗೆ ಹಗ್ಗ ಹಿಡಿದು ಇಳಿಯುತ್ತಾನೆ. ಇಳಿಯುತ್ತಾ ಇಳಿಯುತ್ತಾ, ಕೆಳಗೆ ಯಾರೋ ಕೆಮ್ಮಿದ್ದು ಕೇಳುತ್ತದೆ. ಅಷ್ಟಕ್ಕೆ ಹಾಳೆ ಮುಗಿದಿತ್ತು. ಕೆಮ್ಮಿದವನು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ರಾಮದುರ್ಗದಲ್ಲಿ ವಿಡಿಯೋ ಹಾಕುವ, ಪತ್ರಾಸಿನ ತಗಡು ಹೊದಿಸಿದ ಒಂದು ಮನೆಯಿತ್ತು. ಅಲ್ಲಿ ನೋಡಿದ ಚಿತ್ರವೊಂದರಲ್ಲಿ ನೆಲ ಉಬ್ಬಿ ಒಡೆದು ಕಣ್ಣಿಲ್ಲದ ಜನ ಮೇಲೆ ಬರುತ್ತಿದ್ದರು. ಮಾತೆಲ್ಲ ಇಂಗ್ಲಿಷ್. ಅವರು ಏನು ಬೇಡುತ್ತಿದ್ದಾರೆಂದು ತಿಳಿಯದೆ ಇನ್ನಷ್ಟು ಹೆದರಿದ್ದೆ.

ಹರಿದುಹೋದ ಹಾಳೆ, ತಿಳಿಯದ ಮಾತು, ಇವುಗಳ ಜಾಗವನ್ನು ತುಂಬಲು ಹೋಗಿ ನಾನೊಂದು ಊರನ್ನೇ ಕಟ್ಟಿದೆ. ಆದರೆ ಅದರ ಬುನಾದಿ ಬಿದ್ದದ್ದು ಪುಸ್ತಕಕ್ಕೂ ಮೊದಲು.

ನಮ್ಮದು ಸುರೇಬಾನದ ಕಡೆಯ ಹಳ್ಳಿ. ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ಆಳಕ್ಕೆ ತೋಡಿದ ಕಣಜ ಅದು. ಹೊಟ್ಟೆ ದೊಡ್ಡದು, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಒಳಗೇ ಕೆಡುತ್ತದೆ. ಅದಕ್ಕೇ ತೆರೆದ ಮೇಲೆ ಮೊದಲು ಕಂದೀಲು ಇಳಿಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ನಾನು ಚಿಕ್ಕವನಿದ್ದಾಗ ನಮ್ಮ ಸೋದರಮಾವ ಕಂದೀಲು ಬಿಡದೆ ಇಳಿದರು. ಮೇಲೆ ಎಳೆದಾಗ ಮೈಮೇಲೆ ಒಂದು ಗಾಯವಿಲ್ಲ, ಮೀಸೆಯಲ್ಲಿ ಜೋಳದ ಹೊಟ್ಟು ಅಂಟಿತ್ತು, ಮಲಗಿದವರ ಹಾಗೇ ಇದ್ದರು. ಆಮೇಲೆ ಯಾರೋ ಕಂದೀಲು ಬಿಟ್ಟು ನೋಡಿದರು. ಆರಿದ ಆ ಕಂದೀಲು ಮೇಲೆ ಬಂದದ್ದು ನನ್ನ ಕಣ್ಣಿನಿಂದ ಹೋಗಲಿಲ್ಲ.

ನಾನು ಕಟ್ಟಿದ ಊರು ಹಗೇವಿನ ಕೆಳಗಿತ್ತು. ಅಲ್ಲಿ ಮನೆಗಳು ಬಾವಲಿಗಳ ಹಾಗೆ ತಲೆಕೆಳಗು ತೂಗುತ್ತವೆ. ಮಳೆ ಕೆಳಗಿನಿಂದ ಮೇಲಕ್ಕೆ ಬೀಳುತ್ತದೆ. ಜನಕ್ಕೆ ಕಣ್ಣಿಲ್ಲ, ಅಂಗೈಯಿಂದ ಮುಖ ಸವರಿ ಗುರುತು ಹಿಡಿಯುತ್ತಾರೆ. ಕೆಮ್ಮಿದವನು ಆ ಊರು ಕಾಯುವ ವಾಲೀಕಾರ. ನಮ್ಮ ಮಾವನೂ ಅಲ್ಲೇ ಇದ್ದರು, ಸತ್ತಿರಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದೆ. ಆಗ ಅವಳು ಮೂರನೇ ತರಗತಿ.

“ನಾವು ಮ್ಯಾಲ ಅಡ್ಡಾಡಿದ್ರ ಅವರಿಗೆ ಕೇಳತೈತೇನಪಾ?”

“ಗುಡುಗಿದಂಗ ಕೇಳತೈತಿ.”

“ನಾ ಕುಣದ್ರ?”

“ಅವರ ಊರಾಗ ಸಿಡ್ಲ ಬೀಳತೈತಿ.”

ಆವತ್ತಿನಿಂದ ಅವಳು ಅಂಗಳದಲ್ಲಿ ತುದಿಗಾಲಲ್ಲಿ ನಡೆದಳು. “ನಿಮ್ಮ ಊರಿಗೆ ಬೆಂಕಿ ಹಚ್ಚಲಿ! ಹುಡಿಗಿ ಹಿತ್ತಲಕ್ಕ ಹೋಗಾಕೂ ಅಂಜತೈತಿ,” ಎಂದು ಹೆಂಡತಿ ಬೈದಳು. ನನಗೆ ಒಳಗೊಳಗೇ ಹೆಮ್ಮೆ.

ಒಮ್ಮೆ ಮಗಳು ಕೇಳಿದಳು: “ಅವರು ಒಳಗ ಬಾ ಅಂತ ಕರದ್ರ ನಮಗ ಹೆಂಗ ಗೊತ್ತಾಗಬೇಕು?”

“ನಾವು ಕಂದೀಲ ಬಿಡಬೇಕು. ಕರಿಯೂದಿದ್ರ ಅವರು ದೀಪ ದೊಡ್ಡದು ಮಾಡತಾರ.”

ಅದು ನಮ್ಮವ್ವನ ಮಾತು. ದೀಪ ಆರಿಸು ಅನ್ನುವುದು ಅಪಶಕುನವೆಂದು ಅವ್ವ ಮಲಗುವಾಗ “ದೀಪ ದೊಡ್ಡದು ಮಾಡೋ” ಅನ್ನುತ್ತಿದ್ದಳು. ನಾವು ಊದಿ ಆರಿಸುತ್ತಿದ್ದೆವು. ಮಾವನ ದೀಪ ಆರಿದ್ದು ಸಾವು ಆಗಬಾರದಿತ್ತು, ಕರೆ ಆಗಬೇಕಿತ್ತು. ಅದಕ್ಕೇ ನನ್ನ ಊರಿನಲ್ಲಿ ಆ ಕಾಯಿದೆ. ಹೇಳಿದೆ, ಮರೆತೆ.

ಹಂಗಾಮು ಮುಗಿದ ಬೇಸಿಗೆ. ಅಂಗಳದಲ್ಲಿ ಟ್ರ್ಯಾಕ್ಟರಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದೆ, ಮಗಳು ಪಾನಾ ಕೊಡುತ್ತಾ ಕುಂತಿದ್ದಳು. ಹಿಂದಿನ ಓಣಿಯ ಕಾಕಾ ಬಂದರು.

“ತಮ್ಮಾ, ಹಗೇವ ತಗದೇವಿ. ಗಾಳಿ ಆಡ್ಲಿ ಅಂತ ಬಿಟ್ಟೇವಿ. ಸಂಜೀಕ ಜೋಳ ಏರಸೂದೈತಿ, ಟ್ರೇಲರ್ ತರತೀಯೇನು?”

“ತರತೇನ್ರಿ ಕಾಕಾ.”

ಕೆಲಸದಲ್ಲಿ ಮುಳುಗಿದೆ. ಎಷ್ಟೋ ಹೊತ್ತಿನ ಮೇಲೆ ಕೈ ಚಾಚಿ ಪಾನಾ ಕೇಳಿದರೆ ಯಾರೂ ಕೊಡಲಿಲ್ಲ. ಆಟಕ್ಕೆ ಹೋಗಿದ್ದಾಳೆಂದು ನೀರು ಕುಡಿಯಲು ಒಳಗೆ ಹೋದೆ. ಕಂದೀಲು ತೂಗುಹಾಕುವ ಮೊಳೆ ಬರಿದಾಗಿತ್ತು.

“ಕಂದೀಲ ಎಲ್ಲೈತಿ?”

“ಹಾಡಾಹಗಲಿ ಕಂದೀಲ ಯಾಕ್ರಿ?” ಎಂದಳು ಹೆಂಡತಿ, ರೊಟ್ಟಿ ಬಡಿಯುತ್ತಲೇ.

“ಹುಡಿಗಿ?”

“ನಿಮ್ಮ ಹತ್ತೇಕ ಇದ್ಲಲ್ಲ?”

ಮೂಲೆಯಲ್ಲಿ ನೀರು ಸೇದುವ ಹಗ್ಗವೂ ಇರಲಿಲ್ಲ.

ನಾನು ಓಡಿದೆ. ಅವ್ವನ ಮಾತು ಕಿವಿಯಲ್ಲಿ ಹೊಡೆದುಕೊಳ್ಳುತ್ತಿತ್ತು: ದೀಪ ದೊಡ್ಡದು ಮಾಡತಾರ. ಆರಿದರೆ ಇಳಿ ಎಂದು ಹೇಳಿದವನು ನಾನೇ. ಊರಿಗೆಲ್ಲ ಆರಿದರೆ ಇಳಿಯಬೇಡ, ನನ್ನ ಮಗಳಿಗೆ ಮಾತ್ರ ಆರಿದರೆ ಬಾ. ಬಿಸಿಲಿನಲ್ಲಿ ಓಣಿ ಖಾಲಿಯಿತ್ತು. ಕಾಲ ಕೆಳಗೆ ನೆಲ ಟೊಳ್ಳಾಗಿದೆ ಅನ್ನಿಸಿತು, ನಿಜವಾಗಿಯೂ ಕೆಳಗೆ ಯಾರೋ ಇದ್ದಾರೆ, ನಾನು ಓಡುವುದನ್ನು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ನಾನೇ ಹುಟ್ಟಿಸಿದ ಕಣ್ಣಿಲ್ಲದ ಜನಕ್ಕೆ ನಾನೇ ಕೈ ಮುಗಿದೆ. ಕರೀಬ್ಯಾಡ್ರಿ, ಅದು ಕೂಸೈತಿ.

ಕಾಕಾನ ಹಿತ್ತಲಲ್ಲಿ ಹಗೇವಿನ ಬಾಯಿಗೆ ಇಟ್ಟ ಜಾಲಿಮುಳ್ಳು ಒತ್ತಟ್ಟಿಗೆ ಸರಿದಿತ್ತು. ಮಗಳು ಹೊಟ್ಟೆಯ ಮೇಲೆ ಮಲಗಿದ್ದಳು. ತಲೆ, ಹೆಗಲು ಬಾಯಿಯ ಒಳಗಿದ್ದವು. ಕಾಲು ಅಲುಗುತ್ತಿರಲಿಲ್ಲ. ನಾನು ಕೂಗಲಿಲ್ಲ, ಬೆಚ್ಚಿದರೆ ಜಾರುತ್ತಾಳೆ. ಚಪ್ಪಲಿ ಬಿಟ್ಟು, ಅವಳು ಅಂಗಳದಲ್ಲಿ ನಡೆಯುತ್ತಿದ್ದ ಹಾಗೆಯೇ ತುದಿಗಾಲಲ್ಲಿ ಹೋಗಿ ಎರಡೂ ಹಿಮ್ಮಡ ಹಿಡಿದು ಎಳೆದೆ.

“ಅಪ್ಪಾ! ಹಗ್ಗ! ಕಂದೀಲ ಬೀಳತೈತಿ!”

ಜೀವವಿತ್ತು. ಸಿಟ್ಟಿನ ಜೀವ. ಅವಳ ಕೈಯಿಂದ ಹಗ್ಗ ತಗೊಂಡು ಎಳೆದೆ. ಕಂದೀಲು ಮೇಲೆ ಬಂತು. ಆರಿತ್ತು. ಗಾಜು ಇನ್ನೂ ಬಿಸಿ, ಬುರುಡೆಯಲ್ಲಿ ಎಣ್ಣೆ ಅರ್ಧದಷ್ಟು ಹಾಗೇ ಇತ್ತು. ಹಗೇವಿನ ಬಾಯಿಂದ ಹುಳಿ ವಾಸನೆ ಬರುತ್ತಿತ್ತು. ಮಗಳನ್ನು ಬಾಯಿಯಿಂದ ಇನ್ನಷ್ಟು ದೂರ ಸರಿಸಿ ಅಲ್ಲೇ ಕುಂತೆ.

“ಯಾಕ ಬಂದಿ ಇಲ್ಲಿಗೆ?”

“ನಿನ್ನ ಮಾವನ್ನ ಕರಕೊಂಡ ಬರಾಕ. ಅವರ ಸುದ್ದಿ ಹೇಳಾಗೆಲ್ಲಾ ನಿನ್ನ ದನಿ ಸಣ್ಣದಾಗತೈತಲ್ಲ, ಅದಕ್ಕ.”

“ಮತ್ತ… ಇಳೀಲಿಲ್ಲ ಯಾಕ?”

ಅವಳು ನನ್ನನ್ನು ದಡ್ಡನನ್ನು ನೋಡಿದ ಹಾಗೆ ನೋಡಿದಳು. “ನೀನಽ ಹೇಳಿದ್ದಿಯಲ್ಲ, ಕರಿಯೂದಿದ್ರ ದೀಪ ದೊಡ್ಡದು ಮಾಡತಾರಂತ? ದೊಡ್ಡದು ಆಗಲೇ ಇಲ್ಲಪಾ. ಆರಿಹೋತು. ಮತ್ತ ಹಚ್ಚಿ ಬಿಟ್ಟೆ, ಮತ್ತ ಆರಿಹೋತು. ನಮ್ಮನ್ನ ಬಾ ಅನ್ನಾಂಗಿಲ್ಲ ಅವರು.”

ಅವಳು ಹುಟ್ಟುವ ಮೊದಲೇ ನಮ್ಮವ್ವ ತೀರಿಹೋಗಿದ್ದಳು. ಮಗಳು ಬಲ್ಬಿನ ಬೆಳಕಿನಲ್ಲಿ ಬೆಳೆದವಳು, ಅವಳ ಬಾಯಲ್ಲಿ “ಲೈಟ್ ಬಂದ್ ಮಾಡು”. ದೊಡ್ಡದು ಎಂದರೆ ಅವಳಿಗೆ ದೊಡ್ಡದೇ. ಆರುವುದೆಂದು ಗೊತ್ತಿದ್ದರೆ ಇಳಿದೇಬಿಡುತ್ತಿದ್ದಳು.

ಅಷ್ಟರಲ್ಲಿ ಕಾಕಾ ಉಂಡ ಕೈ ಒರೆಸುತ್ತಾ ಬಂದರು. ಕಂದೀಲು ನೋಡಿ, ಹುಡುಗಿಯನ್ನು ನೋಡಿ, ಬಂಡೆಯನ್ನು ಬಾಯಿಗೆ ಎಳೆದರು. ಆಮೇಲೆ ನನಗೆ ಅಂದರು, “ಈಕಿ ನಿನಗಿಂತ ಶಾಣ್ಯಾ ಅದಾಳಪಾ. ದೀಪ ಆರಿದ್ರ ಇಳೀಬಾರ್ದು ಅಂತ ಹೇಳಿಕೊಟ್ಟೀಯಲ್ಲ, ಚಲೋ ಮಾಡೀದಿ.”

ನಾನು ಕಂದೀಲು ಎತ್ತಿಕೊಂಡು, ಮಗಳ ಕೈ ಹಿಡಿದು ಮನೆಗೆ ನಡೆದೆ.

ಹಗೇವಿನ ಕೆಳಗಿನ ಊರಿನ ಸುದ್ದಿ ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ. ಮಗಳು ಕೇಳಿದಾಗ, ಆ ಜನ ಊರು ಬಿಟ್ಟು ಹೋದರು, ಮಾವನನ್ನೂ ಕರೆದುಕೊಂಡು ಹೋದರು ಎಂದೆ. ಅವಳು ಅಂಗಳದಲ್ಲಿ ಮತ್ತೆ ಕುಣಿದಳು. ಆ ಸಪ್ಪಳಕ್ಕೆ ನಾನು ಒಳಗೆ ಕುಂತಲ್ಲೇ ಬೆಚ್ಚುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ನಮ್ಮ ಹಿರಿಯಕ್ಕ ಸವದತ್ತಿಯಿಂದ ಬಂದಿದ್ದಳು. ಕರೆಂಟು ಹೋಗಿತ್ತು, ಚಿಮಣಿ ದೀಪದ ಬೆಳಕಿನಲ್ಲಿ ಉಂಡೆವು. ಕರೆಂಟು ಬಂದಾಗ ಅಕ್ಕ ಮಗಳಿಗೆ, “ತಂಗೀ, ಆ ದೀಪ ದೊಡ್ಡ…” ಎಂದು ಬಾಯಿ ತೆರೆದಳು.

“ಆರಸು!” ಎಂದು ನಾನು ಜೋರಾಗಿ ಒದರಿದೆ.

ಅಕ್ಕ ಗಾಬರಿಯಾದಳು. “ಹಂಗ ಅನಬಾರ್ದೋ. ಅವ್ವ ಎಂದಾರ ಹಂಗ ಅಂದಿದ್ಲೇನು?”

“ನಮ್ಮ ಮನ್ಯಾಗ ಹಿಂಗಽ ಅಂತೇವಿ,” ಎಂದೆ.

ಮಗಳು ಚಿಮಣಿಯ ಮುಂದೆ ಬಗ್ಗಿ ಉಫ್ ಎಂದು ಊದಿದಳು.