ಮೇಷ್ಟ್ರ ಕತ್ತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕ್ಷೌರದ ಕತ್ತಿ ಕೊಂಡದ್ದು ಶೋಕಿಗಲ್ಲ, ಹೆದರಿಕೆಗೆ. ಗೆಳೆಯರ ಮುಂದೆ ‘ಪ್ಲಾಸ್ಟಿಕ್ ರೇಜರೂ ಒಂದು ರೇಜರಾ ಮಗಾ, ಗಂಡಸು ಅಂದ್ಮೇಲೆ ಕತ್ತಿ ಹಿಡೀಬೇಕು’ ಎಂದು ಕೊಚ್ಚಿಕೊಂಡದ್ದುಂಟು. ಅಮ್ಮನಿಗೆ ‘ಚರ್ಮಕ್ಕೆ ಒಳ್ಳೇದಂತೆ’ ಎಂದದ್ದೂ ಉಂಟು. ನಿಜವಾದ ಕಾರಣ ಇಷ್ಟೇ: ನಮ್ಮ ಬೀದಿಯ ಕಟಿಂಗ್ ಶಾಪಿನ ಮುನಿರಾಜಣ್ಣನ ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಕತ್ತು ಎತ್ತಿ ಕೊಡುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ಉಳಿಯದ ಹಾಗೆ ಮಾಡಿಕೊಂಡವನೂ ನಾನೇ. ಮಿಮಿಕ್ರಿ ನನ್ನ ಚಟ. ಹಗಲು ಹಳೇ ಯಲಹಂಕದ ಒಂದು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ಲುಗಳಿಗೆ ಸೀಲು ಹೊಡೆಯುತ್ತೇನೆ. ಮಿಕ್ಕ ಹೊತ್ತಿನಲ್ಲಿ ಊರಿನವರಿಗೆಲ್ಲ ಅವರವರ ಧ್ವನಿಯನ್ನು ವಾಪಸು ತಲುಪಿಸುತ್ತೇನೆ. ತರಕಾರಿ ಗಾಡಿಯವನು, ಬಸ್ಸಿನ ಕಂಡಕ್ಟರು, ಸೀನುವ ಮುಂಚೆ ‘ಒಂದ್ನಿಮಿಷ’ ಎಂದು ಅನುಮತಿ ಕೇಳುವ ನಮ್ಮ ಮ್ಯಾನೇಜರು, ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ. ಹುಡುಗಿಯರ ಜೊತೆ ಮಾತಾಡುವಾಗ ನನ್ನ ಗಂಟಲು ಹೇಗೆ ತುಪ್ಪ ಸವರಿಕೊಳ್ಳುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಇನ್ನೊಬ್ಬರು ಮಾಡಿ ತೋರಿಸಲಾರರು.

ಆ ವರ್ಷ ಬೀದಿಯ ರಾಜ್ಯೋತ್ಸವದ ಪೆಂಡಾಲಿನಲ್ಲಿ ಮುನಿರಾಜಣ್ಣನನ್ನು ಮಾಡಿದೆ. ಕತ್ತರಿಯನ್ನು ಗಾಳಿಯಲ್ಲಿ ನಾಲ್ಕು ಸಲ ಚಕಚಕ ಆಡಿಸಿ ಐದನೆಯದಕ್ಕೆ ಕೂದಲು ಮುಟ್ಟುವುದು. ಅರ್ಧ ಕೆನ್ನೆ ಹೆರೆದು, ಕತ್ತಿಯನ್ನು ಗಾಳಿಯಲ್ಲಿ ನಿಲ್ಲಿಸಿ ರಾಜಕೀಯ ಹೇಳುವುದು. ‘ನೀವೇ ಯೋಚ್ನೆ ಮಾಡಿ ಸಾರ್’ ಎನ್ನುತ್ತ ಯೋಚಿಸಬೇಕಾದ ತಲೆಯನ್ನು ಗಿಳಿಯ ಕತ್ತಿನಂತೆ ಪಕ್ಕಕ್ಕೆ ತಿರುಗಿಸಿಬಿಡುವುದು. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ ಮುನಿರಾಜಣ್ಣ ಮಾತ್ರ ನಗಲಿಲ್ಲ. ಮೊದಮೊದಲು ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ನನ್ನ ಕೈಯನ್ನೇ ದಿಟ್ಟಿಸಿದರು. ಕೊನೆಗೆ ತಲೆ ಅಲ್ಲಾಡಿಸಿ, ಟವೆಲು ಹೆಗಲಿಗೆ ಹಾಕಿಕೊಂಡು, ಇನ್ನೂ ಅರ್ಧ ಉಳಿದಿರುವಾಗಲೇ ಎದ್ದು ಹೋದರು.

ಎದ್ದು ಹೋದವರು ಯಾರು? ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಮೇಲೆ ಬೆಳೆದ ನನ್ನ ಮೊದಲ ಕೂದಲನ್ನು, ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಇಟ್ಟು ನನ್ನನ್ನು ಅದರ ಮೇಲೆ ಕೂರಿಸಿ ಕತ್ತರಿಸಿದವರು. ಮೊದಲ ಮೀಸೆ ಬಂದಾಗ ನನಗಿಂತ ಮೊದಲು ಕಂಡುಹಿಡಿದವರು. ಇಪ್ಪತ್ತು ವರ್ಷ ಬೆಂಚಿನ ಮೇಲೆ ಕುಳಿತು ಅವರ ಪೇಪರು ಓದಿದ್ದೇನೆ, ಕುರ್ಚಿ ಹತ್ತಿ ಅವರ ಕನ್ನಡಿ ನೋಡಿದ್ದೇನೆ. ಹೋಗಿ ‘ತಪ್ಪಾಯ್ತಣ್ಣ’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ಸ್ವಂತ ಧ್ವನಿಯಲ್ಲಿ ಹೇಳಬೇಕಲ್ಲ! ಆ ಧ್ವನಿಯ ಅಭ್ಯಾಸ ನನಗೆ ಕಡಿಮೆ.

ಹೀಗಾಗಿ ಗಡ್ಡ ಬೆಳೆಯಿತು. ನಮ್ಮ ಕಡೆ ಕಟಿಂಗ್ ಶಾಪುಗಳಿಗೆ ಮಂಗಳವಾರ ರಜೆ. ಅಂದು ಏರಿಯಾದ ಗಂಡಸರೆಲ್ಲ ಒಂದೇ ಕೇಸಿನಲ್ಲಿ ಪೊಲೀಸರಿಗೆ ಬೇಕಾದವರ ಹಾಗೆ ಕಾಣುತ್ತಾರೆ, ಬುಧವಾರ ಮತ್ತೆ ಸಂಸಾರಸ್ಥರಾಗುತ್ತಾರೆ. ನನಗೆ ಮಾತ್ರ ವಾರವೆಲ್ಲ ಮಂಗಳವಾರ. ಪ್ಲಾಸ್ಟಿಕ್ ರೇಜರು ಮುಟ್ಟಿದರೆ ಕತ್ತಿನ ತುಂಬ ಕೆಂಪು ಗುಳ್ಳೆ. ಬೇರೆ ಅಂಗಡಿಗೆ ಹೋಗೋಣವೆಂದರೆ ದಾರಿ ಮುನಿರಾಜಣ್ಣನ ಬಾಗಿಲ ಮುಂದೆಯೇ. ಹೋಗುವಾಗ ಗಡ್ಡ, ಬರುವಾಗ ನುಣುಪು, ಅಂಥ ದ್ರೋಹ ಯಾವ ಮುಖ ಹೊತ್ತು ಮಾಡುವುದು?

ಆಗ ಫೋನಿನಲ್ಲಿ ಒಂದು ವಿಡಿಯೋ ಕಂಡಿತು. ಯಾವನೋ ಪರದೇಶಿ, ಮರದ ಹಿಡಿಯಿಂದ ಕತ್ತಿ ಬಿಡಿಸಿ, ಕೆನ್ನೆಯ ನೊರೆಯ ಮೇಲೆ ಒಮ್ಮೆ ಎಳೆದ. ಸರ್ರ್ರ್. ಅಬ್ಬಾ, ಆ ಸದ್ದು! ಹೊಸ ರೇಷ್ಮೆ ಸೀರೆಯ ಮಡಿಕೆ ಬಿಡಿಸಿದ ಹಾಗೆ. ನನ್ನ ಕಿವಿ ನೆಟ್ಟಗಾಯಿತು. ಎರಡು ದಿನ ಆಫೀಸಿನಲ್ಲಿ ಬಾಯಲ್ಲಿ ಅದೇ ಸದ್ದು ಮಾಡುತ್ತ ಓಡಾಡಿದೆ. ಮ್ಯಾನೇಜರು ಪ್ಯಾಕಿಂಗ್ ಟೇಪು ಯಾಕೆ ಅಷ್ಟು ಖರ್ಚಾಗುತ್ತಿದೆ ಎಂದು ಹುಡುಕಾಡಿದರು. ಕತ್ತಿ ಬೇಕು, ನನ್ನದೇ ಬೇಕು! ಆದರೆ ಯಾವುದು? ಅಗಲವೋ ಸಣ್ಣದೋ, ಚೂಪು ಮೂಗಿನದೋ ಮೊಂಡು ಮೂಗಿನದೋ, ಹೊಳೆಯುವುದೋ ಮಂಕಾದದ್ದೋ? ನೋಡಿದಷ್ಟೂ ತಲೆ ಕೆಟ್ಟಿತು. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲೆಣಿಸುತ್ತಿದ್ದವರ ವಂಶ ನಮ್ಮದು. ಕತ್ತಿಯ ಬಾಯಿ ಬಿಡಿಸಿದರೆ ಎಣಿಸಲು ಏನೂ ಇಲ್ಲ.

ಇದನ್ನು ಬಲ್ಲವರು ಯಲಹಂಕದಲ್ಲಿ ನನಗೆ ಗೊತ್ತಿದ್ದದ್ದು ಒಬ್ಬರೇ. ಈಗಂತೂ ಅವರೂ ಗಿರಾಕಿಗಳಿಗೆ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಯನ್ನೇ ಬಳಸುತ್ತಾರೆ, ಒಂದು ಮುಖಕ್ಕೆ ಒಂದು ಬ್ಲೇಡು. ಆದರೆ ಅವರ ಅಪ್ಪನ ಕಾಲದ ಹಡಪ, ಅಂದರೆ ಕತ್ತಿ ಕತ್ತರಿ ಇಡುವ ಮರದ ಪೆಟ್ಟಿಗೆ, ದೇವರ ಪಟದ ಕೆಳಗೆ ಇನ್ನೂ ಇದೆ. ಯಾರಿಂದ ತಪ್ಪಿಸಿಕೊಳ್ಳಲು ಕತ್ತಿ ಬೇಕೋ ಅವರನ್ನೇ ಕತ್ತಿಯ ಬಗ್ಗೆ ಕೇಳಬೇಕು. ಬುದ್ಧಿವಂತನಾದವನು ಇಲ್ಲಿಗೇ ಕೈಬಿಡುತ್ತಿದ್ದ. ನಾನು ಮಿಮಿಕ್ರಿಯವನು. ಎರಡು ಸಿಮ್ಮಿನ ಫೋನಿಗೆ ಹೊಸ ಸಿಮ್ಮು ಹಾಕಿ, ಎದೆಯಲ್ಲಿ ಕಫ ಇದ್ದವನ ಹಾಗೆ ಕೆಮ್ಮಿ, ಡಯಲ್ ಮಾಡಿದೆ.

‘ಯಾರು, ಮುನಿರಾಜೂನಾ? ನಾನಪ್ಪಾ, ರಾಜಾನುಕುಂಟೆ ನಾರಾಯಣಪ್ಪ ಮೇಷ್ಟ್ರು. ರಿಟೈರ್ಡು. ಕ್ಷೌರದ ಕತ್ತಿ ಒಂದು ತಗೋಬೇಕಲ್ಲಾ ಅಂತ. ಮೊದಲನೇ ಸಲ.’

ಆ ಕಡೆ ಕತ್ತರಿಯ ಚಕಚಕ ನಿಂತಿತು.

‘ಇಷ್ಟ್ ವಯಸ್ಸಾದ್ಮೇಲೆ ಮೊದಲನೇ ಸಲಾನಾ ಮೇಷ್ಟ್ರೇ?’

‘ಕಲಿಯೋದಕ್ಕೆ ವಯಸ್ಸೇನಪ್ಪಾ!’

‘ಅದೂ ಸರೀನೇ. ಕಲ್ಯೋರಿಗೆ ಇಲ್ಲ ಅನ್ಬಾರ್ದು. ಯಾವ್ ಕೈಲಿ ಮಾಡ್ಕೋತೀರಾ?’

‘ಬಲಗೈ. ಇನ್ಯಾವ ಕೈಲಿ ಮಾಡ್ತಾರೆ?’

‘ಊಂ. ಎಲ್ರೂ ಅಂಗೇ ಅನ್ಕೊಂಡಿರ್ತಾರೆ,’ ಎಂದು ಮುನಿರಾಜಣ್ಣ ಪಾಠ ಶುರುಮಾಡಿದರು.

ಎಂಥ ಪಾಠ! ಕೊರಿಯರ್ ಚೀಟಿಗಳ ಹಿಂಬದಿಯಲ್ಲಿ ಬರೆದುಕೊಂಡು ಬೆರಳು ನೋಯಿತು. ಚಿನ್ನದ ನೀರು ಕುಡಿಸಿದ್ದು, ನವಿಲು ಕೆತ್ತಿದ್ದು ಮುಟ್ಟಲೇಬಾರದು. ಅದು ಗೋಡೆಗೆ, ಗಡ್ಡಕ್ಕಲ್ಲ. ಹೊಸಬರಿಗೆ ಮೊಂಡು ಮೂಗೇ ಸರಿ, ಚೂಪು ಮೂಗು ಕಿವಿಯ ಹತ್ತಿರ ತಿರುಗುವಾಗ ಕಿವಿಯನ್ನೂ ಕೇಳುತ್ತದೆ. ಅಗಲ ಹೆಬ್ಬೆರಳಿಗಿಂತ ಕಡಿಮೆ ಇರಲಿ. ತುಕ್ಕು ಹಿಡಿಯುವ ಉಕ್ಕೇ ಒಳ್ಳೆಯದು, ಅದು ಸಾಣೆಗೆ ಬೇಗ ಒಲಿಯುತ್ತದೆ. ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಹಿಡಿಯ ಮೊಳೆ ಸಡಿಲ ಇರಬಾರದು, ಸಡಿಲ ಮೊಳೆ ಸಡಿಲ ನಾಲಿಗೆ ಇದ್ದಂತೆ. (ಈ ಕೊನೆಯ ಮಾತು ಮೇಷ್ಟ್ರಿಗೆ ಯಾಕೆ ಬೇಕಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.)

ಶನಿವಾರ ಹೆಬ್ಬಾಳದ ಫ್ಲೈಓವರ್ ದಾಟಿ ಆರ್.ಟಿ. ನಗರಕ್ಕೆ ಹೋದೆ. ಮದುವೆಗೆ ಹೆಣ್ಣು ನೋಡಲು ಹೋಗುವವನೂ ಬಸ್ಸಿನಲ್ಲಿ ಅಷ್ಟು ಸಲ ತಲೆ ಬಾಚಿಕೊಳ್ಳುವುದಿಲ್ಲ. ಸಲೂನ್ ಸಾಮಾನಿನ ಅಂಗಡಿಯ ಮಾಲೀಕರು ಎದೆಯವರೆಗೆ ಮೆಹಂದಿ ಹಚ್ಚಿದ ಗಡ್ಡ ಬಿಟ್ಟ ಭಾಯ್. ಜೀವಮಾನವೆಲ್ಲ ರೇಜರು ಮಾರಿ ಒಂದನ್ನೂ ತಮ್ಮ ಮೇಲೆ ಪ್ರಯೋಗಿಸದ ಸಂಯಮಿ. ಬಟ್ಟೆ ಹಾಸಿ ಮೂರು ಕತ್ತಿ ಇಟ್ಟರು. ಕೈಗೆ ಕೊಡಲಿಲ್ಲ, ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದಂತೆ. ಒಂದರ ಹಿಡಿಯ ಮೇಲೆ ಸಾಕ್ಷಾತ್ ನವಿಲು. ಇನ್ನೊಂದು ಮಚ್ಚಿನ ತಂಗಿಯಷ್ಟು ಅಗಲ. ಮೂರನೆಯದು ಕಪ್ಪು ಹಿಡಿಯ, ಮಂಕು ಅಲಗಿನ, ಮೊಂಡು ಮೂಗಿನ ಬಡಪಾಯಿ. ನವಿಲಿನ ಮೇಲೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ತಡೆಯಲಾರದೆ ಅಲ್ಲಿಂದಲೇ ಮೇಷ್ಟ್ರಾಗಿ ಫೋನು ಮಾಡಿದೆ.

‘ಕಣ್ಣಲ್ಲಿ ನೋಡ್ಬೇಡಿ ಮೇಷ್ಟ್ರೇ. ಕತ್ತಿ ಬೆನ್ನಿನ್ ಮೇಲೆ ಉಗುರಲ್ಲಿ ತಟ್ಟಿ, ಫೋನಿಗ್ ಹಿಡೀರಿ,’ ಅಂದರು ಮುನಿರಾಜಣ್ಣ.

ನವಿಲನ್ನು ತಟ್ಟಿದೆ. ಠಪ್. ‘ಬ್ಯಾಡ.’ ಮಚ್ಚಿನ ತಂಗಿಯನ್ನು ತಟ್ಟಿದೆ. ಟಕ್. ‘ಬ್ಯಾಡ ಬ್ಯಾಡ.’ ಬಡಪಾಯಿಯನ್ನು ತಟ್ಟಿದೆ. ಟಿಣ್ಣ್ ಎಂದು ಪೂಜೆಯ ಗಂಟೆಯ ಮರಿಯ ಹಾಗೆ ಸದ್ದು ಬಂತು, ಬಂದು ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ನನಗೆ ಮೈ ಜುಮ್ಮೆಂದಿತು. ಜೀವನದಲ್ಲಿ ಎಷ್ಟೋ ಧ್ವನಿ ಕೇಳಿದ್ದೇನೆ, ಇಷ್ಟು ನೇರವಾದದ್ದು ಕೇಳಿರಲಿಲ್ಲ.

‘ಅದೇ! ಅದ್ನೇ ತಗೊಳ್ಳಿ. ಅದು ಸುಳ್ ಹೇಳಲ್ಲ. ಧ್ವನಿ ಕೇಳಿದ್ರೆ ಗೊತ್ತಾಗ್ಬಿಡುತ್ತೆ ಮೇಷ್ಟ್ರೇ, ಯಾವ್ದು ಅಸಲಿ, ಯಾವ್ದು ಮೇಲ್ ಪಾಲೀಶು ಅಂತ.’

ಫೋನಿಟ್ಟು ನನ್ನ ವಯಸ್ಸಿಗೆ ಮರಳುವಷ್ಟರಲ್ಲಿ ಭಾಯ್ ನನ್ನನ್ನೇ ನೋಡುತ್ತಿದ್ದರು. ‘ಗಂಟಲಿಗೆ ಏನಾಯ್ತು ಸಾರ್? ನೀರು ಕೊಡ್ಲಾ?’ ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಕುಡಿದೆ.

ಭಾನುವಾರ ಬೆಳಿಗ್ಗೆ ಬಚ್ಚಲ ಕನ್ನಡಿಯ ಮುಂದೆ ನೊರೆ ಬಳಿದುಕೊಂಡು ನಿಂತೆ. ಕತ್ತಿ ಬಿಡಿಸಿದೆ. ಬಾಗಿಲಲ್ಲಿ ಅಮ್ಮ.

‘ಏನೋ ಅದು? ಕೋಳಿ ಕುಯ್ಯಕ್ಕಾ?’

‘ಅಮ್ಮಾ, ಇದು ಕಲೆ.’

‘ಕಲೆ ಆಗುತ್ತೆ, ಟವೆಲ್ಲಿಗೆ. ಹಳೇದ್ ತಗೋ,’ ಎಂದು ಹೊರಟುಹೋದರು.

ಎಳೆದೆ. ಸರ್ರ್ ಎನ್ನಬೇಕಾದ ಜಾಗದಲ್ಲಿ ಕಿರ್ರ್ ಎಂದಿತು. ಒಂದೊಂದು ಕೂದಲೂ ಬುಡದಿಂದ ನನ್ನ ಹೆಸರು ಹಿಡಿದು ಕೂಗಿತು. ಇನ್ನೊಂದು ತೊಂದರೆಯೂ ಗೊತ್ತಾಯಿತು: ನನ್ನ ಮುಖ ನಿಲ್ಲುವುದಿಲ್ಲ. ಕನ್ನಡಿ ಕಂಡರೆ ಸಾಕು, ಹುಬ್ಬು ಮ್ಯಾನೇಜರಾಗುತ್ತದೆ, ಬಾಯಿ ಕಂಡಕ್ಟರಾಗುತ್ತದೆ. ಪಾಪ, ಕತ್ತಿ ಯಾರ ಗಡ್ಡ ಬೋಳಿಸಬೇಕು? ಅರಸನಾದರೂ ಕತ್ತಿಯ ಕೆಳಗೆ ಸುಮ್ಮನೆ ಕೂರಲೇಬೇಕು. ಆ ಕೆಲವು ನಿಮಿಷ ಮನುಷ್ಯನಿಗೆ ಇರುವುದು ಅವನದೇ ಒಂದು ಮುಖ. ಇಂಥ ತತ್ವ ಹೊಳೆಯುವ ಹೊತ್ತಿಗೆ ಗಲ್ಲದ ಮೇಲೆ ಒಂದು ಕೆಂಪು ಗೆರೆಯೂ ಹೊಳೆಯಿತು. ಒಂದು ಕೆನ್ನೆಯಲ್ಲಿ ರೂಪಾಯಿಯಗಲ ಜಾಗ ಮಾತ್ರ ಬೋಳಾಗಿತ್ತು, ಲೇಔಟಿಗೆ ತೆರವು ಮಾಡಿದ ತೋಪಿನ ಹಾಗೆ. ಸೋಮವಾರ ಈ ಮುಖ ಹೊತ್ತು ಕೌಂಟರಿನಲ್ಲಿ ಕೂರುವುದು ಹೇಗೆ?

ಮೇಷ್ಟ್ರು ಮತ್ತೆ ಕೆಮ್ಮಿದರು.

‘ಅಂಗಡಿ ಕತ್ತಿ ಅಂಗಂಗೇ ಬಳಸಕ್ಕಾಗಲ್ಲ ಮೇಷ್ಟ್ರೇ. ಕಲ್ಲಿಗ್ ಕೊಟ್ಟು, ಚರ್ಮದ್ ಪಟ್ಟಿಗ್ ಕೊಟ್ಟು ಎಬ್ಬಿಸ್ಬೇಕು. ತಗೊಂಬನ್ನಿ, ಮಾಡ್ಕೊಡ್ತೀನಿ.’

‘ಮಂಡಿ ನೋವಪ್ಪಾ...’

‘ಅಯ್ಯೋ, ನೀವ್ ಬರ್ಬೇಡಿ. ನಮ್ ಬೀದೀಲಿ ಕೊರಿಯರ್ ಆಫೀಸಲ್ಲಿ ಮಂಜ ಅಂತ ಒಬ್ಬ ಅವ್ನೆ. ಅವನ್ ಕೈಲಿ ಕಳ್ಸಿ. ಸ್ವಲ್ಪ ತರಲೆ. ಆದ್ರೆ ಪಾರ್ಸೆಲ್ ತಲುಪಿಸ್ತಾನೆ.’

ಮಂಜ ಎಂದರೆ ನಾನು. ನನ್ನನ್ನೇ ನನ್ನ ಕೈಯಲ್ಲಿ ಪಾರ್ಸೆಲ್ ಮಾಡಿದ್ದರು. ಹೋಗದಿದ್ದರೆ ಮೇಷ್ಟ್ರು ಸುಳ್ಳಾಗುತ್ತಾರೆ, ಹೋದರೆ ಮಂಜ ಸಿಕ್ಕಿಬೀಳುತ್ತಾನೆ. ಸಾಲದ್ದಕ್ಕೆ ಕೆನ್ನೆಯಲ್ಲಿ ತೋಪು.

ಹೋದೆ. ಮಧ್ಯಾಹ್ನ, ಅಂಗಡಿ ಖಾಲಿ. ‘ಯಾರೋ ಮೇಷ್ಟ್ರು ಕೊಟ್ಟು ಕಳ್ಸಿದ್ರಣ್ಣ,’ ಎಂದು ಕತ್ತಿಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟೆ. ಇರುವ ಜಗಳವೇ ಸಾಕು. ಮುನಿರಾಜಣ್ಣ ನನ್ನ ಕೆನ್ನೆ ನೋಡಿದರು. ಹಡಪ ಇಳಿಸಿ, ಕಲ್ಲು ನೆನೆಸಿ, ಅಲಗನ್ನು ಮಗುವಿನ ಬೆನ್ನು ಸವರುವ ಹಾಗೆ ಸವರತೊಡಗಿದರು. ಆಮೇಲೆ ಗೂಟಕ್ಕೆ ಪಟ್ಟಿ ಬಿಗಿದು ಪಟ್, ಪಟ್, ಪಟ್. ಅವರ ಪಕ್ಕದಲ್ಲೇ ನಿಂತು ನೋಡುತ್ತಿದ್ದ ನನಗೆ ಅವರಲ್ಲಿ ಏನೋ ತಿರುಗುಮುರುಗಾದಂತೆ ಕಂಡಿತು. ಹೆದರಿದವನ ಕಣ್ಣು, ಏನು ಬೇಕಾದರೂ ಕಾಣುತ್ತದೆ ಅಂದುಕೊಂಡೆ.

‘ಕೂತ್ಕೋ. ಮೇಷ್ಟ್ರಂತೂ ಬಂದಿಲ್ಲ. ಪರೀಕ್ಷೆ ಮಾಡಕ್ಕೆ ಒಂದ್ ಮುಖ ಬೇಕಲ್ಲ.’

ಕೂತೆ. ನೊರೆ. ಮೊದಲ ಎಳೆತ. ಸರ್ರ್ರ್! ಅದೇ, ಅದೇ ರೇಷ್ಮೆ ಸೀರೆ! ನನ್ನದೇ ಕತ್ತಿ, ನನ್ನದೇ ಕೆನ್ನೆ! ಕೂಗಿಕೊಳ್ಳುವಷ್ಟು ಖುಷಿ, ಆದರೆ ತುಟಿ ಅಲ್ಲಾಡಿಸುವಂತಿಲ್ಲ. ನನ್ನ ಮುಖ ಎಂದೂ ಅಷ್ಟು ಹೊತ್ತು ನನ್ನದಾಗಿಯೇ ಇದ್ದದ್ದಿಲ್ಲ. ಆಮೇಲೆ ಅವರು ಗಲ್ಲ ಹಿಡಿದು ಮೇಲೆತ್ತಿದರು. ಅಲಗು ತಣ್ಣಗೆ ಗಂಟಲಿಗೆ ಬಂದು ಕೂತಿತು. ನನ್ನ ಗಂಟಲುಮಣಿ ಮೇಲೆ ಹತ್ತಲೋ ಕೆಳಗಿಳಿಯಲೋ ಎಂದು ಯೋಚಿಸುತ್ತಿತ್ತು.

ಮುನಿರಾಜಣ್ಣ ಬಗ್ಗಿ, ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು:

‘ಎಂಜಲು ನುಂಗ್ಬೇಡಿ ಮೇಷ್ಟ್ರೇ.’

ನುಂಗಲಿಲ್ಲ. ಉಸಿರೂ ಬಿಡಲಿಲ್ಲ. ಕತ್ತಿ ಗಂಟಲನ್ನು ದಾಟಿ, ಒಂದು ಹನಿ ರಕ್ತ ಬಾರದೆ, ಟವೆಲ್ಲಿಗೆ ಹೋಯಿತು. ಪಟಿಕದ ಕಲ್ಲು ಉಜ್ಜಿದರು, ಉರಿಯಿತು. ಆ ಉರಿಯಲ್ಲಿ ನನ್ನ ಸ್ವಂತ ಧ್ವನಿ ಹೊರಗೆ ಬಂತು. ಅಷ್ಟೇನೂ ಚೆನ್ನಾಗಿರಲಿಲ್ಲ.

‘ಯಾವಾಗ ಗೊತ್ತಾಯ್ತಣ್ಣ?’

‘ಯಾರು ಅಂದ್ಯಲ್ಲ, ಆವಾಗ್ಲೇ. ಆ ಗಂಟ್ಲ್ ಮೇಲೆ ಎಷ್ಟ್ ವರ್ಸ ಕೈ ಆಡ್ಸಿದೀನಿ.’

‘ಆವತ್ತು ಪೆಂಡಾಲಲ್ಲಿ ನಿಮ್ಮನ್ನ ಮಾಡಿದ್ನಲ್ಲ... ನೀವು ಎದ್ದೋದ್ರಿ. ತಪ್ಪಾಯ್ತಣ್ಣ.’

ಅವರು ಕುರ್ಚಿಯನ್ನು ಗರಕ್ಕನೆ ತಿರುಗಿಸಿದರು. ಕನ್ನಡಿ ನನ್ನ ಬೆನ್ನಿಗೆ ಹೋಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಆ ಕುರ್ಚಿಯಲ್ಲಿ ಕುಳಿತ ನನ್ನ ಎದುರಿಗೆ, ಕತ್ತಿ ಎತ್ತಿ ಹಿಡಿದು, ಸಾಕ್ಷಾತ್ ಮುನಿರಾಜಣ್ಣ ನಿಂತಿದ್ದರು.

‘ತಪ್ಪಾಗಿದ್ದು ಹೌದು. ನನ್ನ ಮಾಡ್ತೀಯ ಅಂತ ಇಸ್ತ್ರಿ ಅಂಗಿ ಹಾಕ್ಕೊಂಡು ಮುಂದ್ಗಡೆ ಬಂದ್ ಕೂತಿದ್ರೆ, ನೀನು ಯಾರೋ ಬಲಗೈಯೋನ್ನ ಮಾಡ್ದೆ. ನಾನ್ ಎಡಚ ಕಣೋ ಮಂಜ! ಇಪ್ಪತ್ ವರ್ಸ ನೀನು ಕನ್ನಡೀನೇ ನೋಡ್ಕೊಂಡ್ ಕೂತಿದ್ದೆ, ಒಂದ್ಸಲಾನೂ ನನ್ನ ನೋಡ್ಲಿಲ್ಲ.’