ಬಿಟ್ಟುಕೊಡದ ಒಂಬತ್ತು

ನಮ್ಮ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ಎರಡು ಮೇಜುಗಳಿವೆ. ಒಂದು ಒಳಗೋಡೆಗೆ ಒತ್ತಿಕೊಂಡಿದೆ, ಇನ್ನೊಂದು ಬೀದಿಯ ಕಿಟಕಿಗೆ. ಒಳಗಿನ ಮೇಜಿಗೆ ಬರೀ ಬಟ್ಟೆ ಬರುತ್ತದೆ. ಕಿಟಕಿಯದಕ್ಕೆ ಬಟ್ಟೆಯ ಜೊತೆ ಊರ ಸುದ್ದಿಯೂ ಬರುತ್ತದೆ. ಆ ಕಿಟಕಿ ಮೇಜು ಹಿರಿಸೊಸೆಯದು. ಅವಳು ಗಳದಂತೆ ಉದ್ದ. ಅವಳ ಎತ್ತರಕ್ಕೆ ಸರಿಯಾಗಿ ಅತ್ತೆಯೇ ಅದನ್ನು ಮಾಡಿಸಿಕೊಟ್ಟಿದ್ದಳು. ಆಮೇಲೆ ಮೈದುನನ ಹೆಂಡತಿ ಬಂದಳು. ಕುಳ್ಳಿ, ನಗುಮುಖದವಳು. ಅಂದಿನಿಂದ ಹಿರಿಯವಳ ಇಸ್ತ್ರಿಪೆಟ್ಟಿಗೆಯಲ್ಲಿದ್ದುದಕ್ಕಿಂತ ಹೆಚ್ಚು ಕೆಂಡ ಅವಳ ಹೊಟ್ಟೆಯಲ್ಲಿತ್ತು. ಓರಗಿತ್ತಿಯ ಲೋಟದಲ್ಲಿ ಚಹಾ ಒಂದು ಬೆರಳು ಮೇಲಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು.

ಒಂದು ವರ್ಷ ಒಬ್ಬಳ ಹಿಂದೆ ಒಬ್ಬಳಿಗೆ ಬಲಹೆಗಲು ಹಿಡಿದುಕೊಂಡಿತು. ಗಂಡಂದಿರು ಪೆಟ್ಟಿಗೆ ಹಿಡಿದರು. ಬೀದಿಯ ಅರ್ಧ ಅಂಗಿಗಳ ಕಾಲರು ಕಂದು ಬಣ್ಣಕ್ಕೆ ತಿರುಗಿದವು.

ಆಗ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಸಂಶೋಧಕಿ, ಕೈಕೆಲಸದವರ ಹೆಗಲು ನೋವನ್ನು ಕತ್ತರಿ ಹಾಕದೆ ಇಳಿಸಿ ಅವರನ್ನು ಮತ್ತೆ ಕೆಲಸಕ್ಕೆ ನಿಲ್ಲಿಸುವುದು ಹೇಗೆಂದು ಪರೀಕ್ಷಿಸುತ್ತಿದ್ದರು. ಓರಗಿತ್ತಿಯರಿಬ್ಬರೂ ಅಲ್ಲಿಗೆ ಹೋಗತೊಡಗಿದರು. ಬಾಗಿಲಿಗೆ ಕಟ್ಟಿದ ರಾಟೆಯ ಹಗ್ಗ ಎಳೆಯಬೇಕು. ಗೋಡೆಯಲ್ಲಿ ಬರೆದ ಗೆರೆಗಳ ಮೇಲೆ ಬೆರಳುಗಳನ್ನು ಜೇಡನಂತೆ ಹತ್ತಿಸಬೇಕು. ಕೊನೆಗೆ ಬೆಂಚಿನ ಮೇಲೆ ಕೂರಿಸಿ ಕೇಳುತ್ತಿದ್ದರು: ಸೊನ್ನೆಯೆಂದರೆ ನೋವಿಲ್ಲ, ಹತ್ತೆಂದರೆ ತಡೆಯಲಾರದ ನೋವು, ನಿಮ್ಮದೆಷ್ಟು?

ಮೊದಲ ದಿನ ಕಿರಿಯವಳು ಎಂಟು ಎಂದಳು. ಹಿರಿಯವಳ ನೋವು ಆರರ ಆಸುಪಾಸಿನದು. ಆದರೆ ನೋವಿನಲ್ಲೂ ಆ ಕುಳ್ಳಿ ತನಗಿಂತ ಮುಂದೆ ಹೋಗುವುದೆಂದರೇನು?

“ಒಂಬತ್ತು,” ಎಂದಳು.

ಒಂಬತ್ತಕ್ಕೆ ಮರ್ಯಾದೆ ಸಿಕ್ಕಿತು. ಶಾಖ ಹೆಚ್ಚು ಹೊತ್ತು, ಸಂಶೋಧಕಿಯ ಕೈ ಹೆಗಲ ಮೇಲೆ, ಮನೆಯಲ್ಲಿ ಗಂಡನೇ ನೀರಿನ ಕೊಡ ಎತ್ತಿದ. ಕಿರಿಯವಳ ಮುಖ ಸಣ್ಣದಾದದ್ದನ್ನು ನೋಡಿ ಹಿರಿಯವಳಿಗೆ ಅರ್ಧ ನೋವು ಅಲ್ಲೇ ಇಳಿಯಿತು. ಆದರೂ ಮುಂದಿನ ವಾರ ಒಂಬತ್ತೇ, ಅದರಾಚೆಯ ವಾರವೂ ಒಂಬತ್ತೇ.

ಕಿರಿಯವಳು ಮಾತ್ರ ಎಂಟರಿಂದ ಐದಕ್ಕೆ, ಐದರಿಂದ ಎರಡಕ್ಕೆ ಇಳಿದಳು. ಮೂರಕ್ಕಿಂತ ಕೆಳಗಿಳಿದವರು ಪೆಟ್ಟಿಗೆ ಹಿಡಿಯಬಹುದೆಂದು ಸಂಶೋಧಕಿಯ ನಿಯಮ. ಮಾರನೆಯ ಬೆಳಗ್ಗೆ ಕಿಟಕಿ ಮೇಜಿನ ಮುಂದೆ ಮಣೆ ಹಾಕಿಕೊಂಡು ಕುಳ್ಳಿ ನಿಂತಿದ್ದಳು. ಹೋಗುವವರು ಬರುವವರೆಲ್ಲ ಅವಳೊಡನೆ ನಗುತ್ತಿದ್ದರು. ಹಿರಿಯವಳು ಒಳಗೆ ಗುಂಡಿ ಹೊಲಿಯುತ್ತ ಒಂದೊಂದು ನಗುವನ್ನೂ ಸೂಜಿಯಿಂದ ಚುಚ್ಚಿದಳು. ನೋವು ಇಳಿದಿದೆ ಎನ್ನೋಣವೆಂದರೆ, ಒಂಬತ್ತರಿಂದ ಒಮ್ಮೆಗೇ ಎರಡಕ್ಕೆ ಹಾರಿದವಳನ್ನು ಯಾರು ನಂಬುತ್ತಾರೆ? ಬಾಯಲ್ಲಿ ಬಿಸಿತುಪ್ಪ: ನುಂಗುವಂತಿಲ್ಲ, ಉಗುಳುವಂತಿಲ್ಲ.

ಸಂಶೋಧಕಿಯ ಬರಹ ಅಚ್ಚಾಯಿತು. ಅವರೇ ಪತ್ರಿಕೆ ಹಿಡಿದು ಅಂಗಡಿಗೆ ಬಂದು ಸಾರಾಂಶ ಓದಿ ಹೇಳಿದರು. ಹೆಚ್ಚಿನವರ ನೋವು ಇಳಿದಿದೆ. ಒಬ್ಬರ ಕೈ ಮಾತ್ರ ಗೋಡೆಯ ಗೆರೆಗಳಲ್ಲಿ ಎಲ್ಲರಿಗಿಂತ ಮೇಲೇರಿದರೂ ನೋವು ಕೂದಲೆಳೆಯಷ್ಟೂ ಇಳಿದಿಲ್ಲ, ಕಾರಣ ತಿಳಿಯದು. ಅವರ ಬಗ್ಗೆಯೇ ಒಂದು ಇಡೀ ಪ್ಯಾರಾ.

ಹಿರಿಯವಳ ಬೆನ್ನು ನೆಟ್ಟಗಾಯಿತು.

“ನನ್ನ ಬಗ್ಗೆ ಏನೂ ಬರ್ದಿಲ್ವಾ ಮೇಡಂ?” ಎಂದಳು ಕಿರಿಯವಳು.

“ನೀವು ಹೆಚ್ಚಿನವರು ಅಂತ ಬರ್ದಿದೀನಲ್ಲ, ಅದ್ರಲ್ಲಿದೀರಿ.”

“ಗುಂಪಲ್ಲಿ ಗೋವಿಂದ,” ಎಂದು ಹಿರಿಯವಳು ನಕ್ಕಳು. ತಿಂಗಳುಗಳ ಮೇಲೆ ನಕ್ಕ ನಗು ಅದು.

ಆ ನಗು ತುಟಿಯ ಮೇಲಿರುವಾಗಲೇ ಸಂಶೋಧಕಿ ಮಾತು ಮುಂದುವರಿಸಿದರು. ಇಷ್ಟು ನೋವಿರುವವರು ಇಸ್ತ್ರಿ ಕೆಲಸವನ್ನೇ ಬಿಡುವುದು ಲೇಸು. ಕಿರಿಯವಳು ಮಣೆಯ ಮೇಲೆ ನಿಂತರೂ ಎತ್ತರದ ಮೇಜಿಗೆ ಹೆಗಲೆತ್ತಿ ದುಡಿದರೆ ನೋವು ಮರಳುತ್ತದೆ, ಆದ್ದರಿಂದ ಕಿಟಕಿ ಮೇಜಿನ ಕಾಲು ಮೋಟು ಮಾಡಿಸಿ. ಹಿರಿಯವಳ ಗಂಡ ವಿಧೇಯ ಮನುಷ್ಯ, ಆಗಲೇ ಪಕ್ಕದ ಬಡಗಿಯನ್ನು ಕೂಗಿದ. ಬಡಗಿ ಗರಗಸದೊಡನೆ ಬಂದು ಮೇಜಿನ ಕಾಲಿಗೆ ಗುರುತು ಹಾಕಿದ.

“ರೀ, ತಡೀರಿ,” ಎಂದಳು ಹಿರಿಯವಳು. “ಮೇಡಂ, ಇವತ್ತು ನೋವೆಷ್ಟು ಅಂತ ನೀವು ಕೇಳೇ ಇಲ್ಲ.”

ಸಂಶೋಧಕಿ ಅಚ್ಚರಿಯಿಂದ ನೋಡಿದರು. “ಸರಿ, ಎಷ್ಟು ಹೇಳಿ.”

“ಮೊದ್ಲು ಅವಳದ್ದು ಕೇಳಿ.”

ಕಿರಿಯವಳು ಪೆಟ್ಟಿಗೆ ಕೆಳಗಿಟ್ಟು, “ಒಂದು,” ಎಂದಳು.

“ಹಾಗಾದ್ರೆ ನಂದು ಸೊನ್ನೆ.”

ಬಡಗಿಯ ಗರಗಸ ಅಲ್ಲೇ ನಿಂತಿತು. ಸಂಶೋಧಕಿ ಅಚ್ಚಾದ ಪ್ಯಾರಾವನ್ನೂ ಅವಳ ಮುಖವನ್ನೂ ಬಹಳ ಹೊತ್ತು ನೋಡಿ, ಪತ್ರಿಕೆ ಮಡಚಿಕೊಂಡು, ಮುಂದಿನ ಸಲ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೇಳುತ್ತೇನೆಂದು ಹೇಳಿ ಹೊರಟರು.

ಅಂದು ಹಿರಿಯವಳು ಕಾಲಿನಿಂದಲೇ ಮಣೆಯನ್ನು ಒಳಕ್ಕೆ ತಳ್ಳಿ ಕಿಟಕಿಯಲ್ಲಿ ನಿಂತಳು. ಸಂಜೆಯ ಹೊತ್ತಿಗೆ, ತಿಂಗಳುಗಟ್ಟಲೆ ಕೆಲಸ ಕಾಣದ ಹೆಗಲು ನಿಜವಾಗಿಯೇ ಉರಿಯತೊಡಗಿತು. ಕಿರಿಯವಳು ದಪ್ಪ ಪರದೆಗಳ ಗಂಟೊಂದನ್ನು ಹೊತ್ತು ತಂದು ಅವಳ ಮುಂದಿಟ್ಟಳು.

“ಸೊನ್ನೆ ಅಲ್ವಾ ಅಕ್ಕಾ, ಇವನ್ನೂ ಮುಗಿಸಿಬಿಡಿ.”

“ಇಷ್ಟೇನಾ?” ಎಂದಳು ಹಿರಿಯವಳು. ಕಿರಿಯವಳು ಅತ್ತ ತಿರುಗುವವರೆಗೆ ಕಾದು ಪೆಟ್ಟಿಗೆಯನ್ನು ಎಡಗೈಗೆ ಬದಲಾಯಿಸಿಕೊಂಡಳು.