ತಂಗಿಯ ತೂಕ ಹೇಳದೆ ತಂದ ಸೈಕಲ್

ತಂಗಿ ಬರೆದುಕೊಟ್ಟ ಚೀಟಿಯನ್ನು ನಾನು ಅಂಗಡಿಯಲ್ಲಿ ತೋರಿಸಲಿಲ್ಲ. ಅದರಲ್ಲಿ ಅವಳ ಎತ್ತರ, ಕಾಲಿನ ಉದ್ದ, ತೂಕ ಇದ್ದವು. ಅಂಗಿಯ ಕಿಸೆಯಿಂದ ತೆಗೆದು ಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ಅಷ್ಟನ್ನೂ ಮಾಡಲಿಲ್ಲ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನಾರಾಯಣಪುರದಲ್ಲಿ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತೇನೆ. ತಂಗಿ ಸುಜಾತಾ ಬಸವಕಲ್ಯಾಣದಲ್ಲಿ ಕಾಲೇಜು ಓದುತ್ತಾಳೆ. ಕಲ್ಲುದಾರಿಯಲ್ಲಿ ಗುಡ್ಡ ಇಳಿಯುವ ಸೈಕಲ್ ಸ್ಪರ್ಧೆಯ ಹುಚ್ಚು ಅವಳಿಗೆ. ಅದಕ್ಕೆ ಮುಂದೆಯೂ ಹಿಂದೆಯೂ ಕುಲುಕು ತಡೆಯುವ ಶಾಕ್ ಇರುವ ಸೈಕಲ್ಲೇ ಬೇಕು. ಹುಮನಾಬಾದಿನಲ್ಲಿ ಗಫೂರ್ ಚಾಚಾ ಎಂಬವರು ಅಂಥ ಹಳೆಯ ಸೈಕಲ್ಲುಗಳನ್ನು ಹೈದರಾಬಾದಿನಿಂದ ತಂದು ಕಡಿಮೆ ದರಕ್ಕೆ ಮಾರುತ್ತಾರೆ. ಮಳೆಗಾಲದ ಕೊನೆಗೆ ನಾನೊಬ್ಬನೇ ಹೋಗಿ ತಂದೆ. “ನಾನೂ ಬರ್ತೀನಿ” ಎಂದವಳಿಗೆ, “ಅಲ್ಲಿ ಬರೇ ಗಂಡಸರು ನಿಂತಿರ್ತಾರ, ಬ್ಯಾಡ” ಎಂದಿದ್ದೆ.

ಹಿಂದಿನ ಶಾಕಿನಲ್ಲಿ ಗಾಳಿ ಇರುತ್ತದೆ. ಓಡಿಸುವವರ ತೂಕಕ್ಕೆ ತಕ್ಕಂತೆ ಅದನ್ನು ತುಂಬಬೇಕು. ಆ ದಿನ ಚಾಚಾ ಕೇಳಿದ್ದರು: “ಯಾರು ಓಡಿಸೋರು? ವಜನ್ ಎಷ್ಟು?” ಎದುರಿನ ಚಹಾದ ಬಂಡಿಯ ಮುಂದೆ ಐದಾರು ಗಂಡಸರು ನಮ್ಮನ್ನೇ ನೋಡುತ್ತಿದ್ದರು. ಬೆಳೆದ ತಂಗಿಯ ತೂಕವನ್ನು ಅವರ ಕಿವಿಗೆ ಬೀಳುವಂತೆ ಹೇಳಲು ನನಗೆ ನಾಚಿಕೆಯಾಯಿತು. “ನಾನೇ ಓಡಿಸ್ತೀನ್ರಿ” ಎಂದುಬಿಟ್ಟೆ. ನಾನು ಎಂಬತ್ತೆರಡು ಕಿಲೋ. ಅವಳು ಐವತ್ತೊಂದು. ಮೂರನೇ ವಾರ ಊರ ಹಿಂದಿನ ಇಳಿಜಾರಿನಲ್ಲಿ ಹಿಂದಿನ ಗಾಲಿ ಕಲ್ಲಿಗೆ ಬಡಿದು ಎಗರಿತು. ಅವಳು ಹ್ಯಾಂಡಲ್ ದಾಟಿ ಮುಂದಕ್ಕೆ ಬಿದ್ದಳು. ಹೆಗಲಿನ ಎಲುಬು ಮುರಿಯಿತು.

ಡಿಸೆಂಬರಿನಲ್ಲಿ ಹೆಗಲಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೆ ಅವಳೇ ಹೇಳಿದಳು: “ಅಣ್ಣಾ, ಇದನ್ನ ವಾಪಸ್ ಕೊಟ್ಟು ಸಾದಾ ಸೈಕಲ್ ತರೋಣ. ಗುಡ್ಡ ಇಳಿಯೂದು ನನ್ನ ಕೈಲೆ ಆಗೂದಿಲ್ಲ.” ಆಗಲೇ ನಿಜ ಹೇಳಬಹುದಿತ್ತು. “ಆತು, ಶನಿವಾರ ಹೋಗೋಣ” ಎಂದೆ.

ಶನಿವಾರ ಬೆಳಗ್ಗೆ ಏಳಕ್ಕೆ ಹೊರಟೆವು. ಥಂಡಿ ಬಹಳವಿತ್ತು. ಬಸವಕಲ್ಯಾಣದವರೆಗೆ ಅವಳು ಸೈಕಲ್ಲನ್ನು ನೂಕಿಕೊಂಡೇ ಬಂದಳು, ಒಮ್ಮೆಯೂ ಹತ್ತಲಿಲ್ಲ. ಬಸ್ಸಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿದೆವು. ನನಗೆ ನಲವತ್ತೈದು ರೂಪಾಯಿ, ಸೈಕಲ್ಲಿಗೆ ಮೂವತ್ತು. ಸುಜಾತಾ ಆಧಾರ್ ತೋರಿಸಿದಳು, ಅವಳಿಗೆ ಪುಕ್ಕಟೆ.

ಕಂಡಕ್ಟರ್ ನಕ್ಕು, “ಸೈಕಲ್ ಹೆಣ್ಮಕ್ಕಳದಾದ್ರ ಅದರದ್ದೂ ಆಧಾರ್ ತೋರಸ್ರಿ, ಫ್ರೀ ಬಿಡ್ತೀನಿ” ಎಂದ.

“ಅದು ಹೆಣ್ಮಕ್ಕಳದಲ್ರಿ, ಅದಕ್ಕ ನನ್ನ ಒದೀತು” ಎಂದಳು ಸುಜಾತಾ. ಸುತ್ತಲಿನವರು ನಕ್ಕರು. ನಾನು ಕಿಟಕಿಯ ಕಡೆ ತಿರುಗಿದೆ.

ಸಸ್ತಾಪುರ ಬಂಗಲೆ ಎಂಬ ಸ್ಟಾಪಿನಲ್ಲಿ ಹೆದ್ದಾರಿ ಸೇರಿದ ಮೇಲೆ ಬಸ್ಸು ಜೋರು ಹಿಡಿಯಿತು. ಎರಡೂ ಬದಿಗೆ ತೊಗರಿ ಒಣಗುತ್ತಿತ್ತು. ಚಾಚಾ ನನ್ನ ಗುರುತು ಹಿಡಿದರೆ ಏನು ಹೇಳಲಿ ಎಂದು ರಾಜೇಶ್ವರದ ಸ್ಟಾಪು ಬರುವವರೆಗೂ ಒಂದೊಂದೇ ಸುಳ್ಳು ಜೋಡಿಸಿದೆ. ಒಂದೂ ನಿಲ್ಲಲಿಲ್ಲ. ಹುಮನಾಬಾದಿನಲ್ಲಿ ಇಳಿದು ಪೂರಿ ಭಾಜಿ ತರಿಸಿದೆವು. ಅವಳು ನಾಲ್ಕು ತಿಂದಳು. ನನ್ನವನ್ನೂ ಅವಳ ತಟ್ಟೆಗೆ ಸರಿಸಿದೆ.

ಚಾಚಾನ ಅಂಗಡಿ ಮಾಣಿಕನಗರದ ದಾರಿಯಲ್ಲಿರುವ ತಗಡಿನ ಶೆಡ್ಡು. ಎದುರಿಗೆ ಅದೇ ಚಹಾದ ಬಂಡಿ, ಅಂಥದೇ ಮಂದಿ. ಚಾಚಾ ಸೈಕಲ್ ನೋಡಿದರು, ಆಮೇಲೆ ತಂಗಿಯನ್ನು ನೋಡಿದರು.

“ಇದು ನೀ ಓಡಿಸಿದ್ದೇನು ಬೇಟಿ?”

“ಹೌದ್ರಿ ಚಾಚಾ. ಓಡಿಸಿ ಬಿದ್ದೀನಿ.”

ಅವರು ಶಾಕಿಗೆ ಸಣ್ಣ ಪಂಪು ಹಚ್ಚಿದರು. ಗಾಳಿ ಎಷ್ಟೆಂದು ತೋರಿಸುವ ಅದರ ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದರು. “ಇದು ಎಂಬತ್ತು ಕಿಲೋ ಗಂಡಸಿಗೆ ತುಂಬಿದ ಗಾಳಿ. ನಿನ್ನಷ್ಟು ಹಗುರ ಇದ್ದವರು ಕೂತ್ರ ಶಾಕ್ ಒಳಗ ಸರಿಯೂದೇ ಇಲ್ಲ. ಕಲ್ಲು ಬಂದ್ರ ಎತ್ತಿ ಒಗೀತದ.”

ಸುಜಾತಾ ಕೆಂಪಾದಳು. “ಅಂದ್ರ ತಪ್ಪು ನಂದಲ್ಲ? ಎರಡು ತಿಂಗಳಿಂದ ನನಗ ಬ್ಯಾಲೆನ್ಸ್ ಬರೂದಿಲ್ಲಂತ ಅಳಾಕತ್ತೀನಿ ಚಾಚಾ! ಚೀಟ್ಯಾಗ ನನ್ನ ವಜನ್ ಬರದು ಕಳಿಸಿದ್ದೆ. ಅಣ್ಣ ಕೊಟ್ಟಿದ್ದ. ನೋಡಲಿಲ್ಲೇನು ನೀವು?”

ಚಾಚಾ ನಿಧಾನವಾಗಿ ನನ್ನ ಕಡೆ ತಿರುಗಿದರು. ಅವರಿಗೆ ಎಲ್ಲ ನೆನಪಿದೆ ಎಂದು ಆ ನೋಟದಲ್ಲೇ ತಿಳಿಯಿತು. ಅವರು ಕಣ್ಣು ಕೆಳಗೆ ಹಾಕಿ ಪಂಪು ಬಿಚ್ಚಿದರು.

“ಚೂಕ್ ನಂದೇ ಬೇಟಿ. ಮಂದಿ ಭಾಳ ಇದ್ರು, ಚೀಟಿ ನೋಡಿರಲಿಕ್ಕಿಲ್ಲ. ಮಾಫ್ ಮಾಡು.”

ತಂಗಿಯ ಮುಂದೆ ಅಣ್ಣನ ಮರ್ಯಾದೆ ಹೋಗಬಾರದೆಂದು ಅವರು ಹಾಗೆ ಹೇಳಿದರು. ನಾನು ಆಡಬೇಕಾದ ಮಾತನ್ನು ಬೇರೊಬ್ಬರು ಆಡುವುದನ್ನು ಕೇಳುತ್ತಾ ನಿಂತೆ.

ಸಾದಾ ಸೈಕಲ್ಲಿನ ಮಾತನ್ನು ಸುಜಾತಾ ಮತ್ತೆ ಎತ್ತಲಿಲ್ಲ. ಬಂಡಿಯ ಹತ್ತಿರದಿಂದ ಒಬ್ಬಾತ, “ಅಲ್ಲಿ ಗುಲಾಬಿ ಬಣ್ಣದ್ದು ನೋಡ್ರಿ, ಲೇಡೀಸಿಗೆ ಒಪ್ತದ” ಎಂದ. “ನೀವೇ ಹತ್ತಿ ತೋರಸ್ರಿ ಕಾಕಾ, ನಿಮಗ ಒಪ್ಪಿದ್ರ ತಗೋತೀನಿ” ಎಂದಳು. ಬಂಡಿಯವರೆಲ್ಲ ನಕ್ಕರು. ಗೋಡೆಗೊರಗಿದ್ದ ಇನ್ನೊಂದು ಸೈಕಲ್, ಹಳೆಯದಕ್ಕಿಂತ ಕುಳ್ಳಗಿದ್ದದ್ದು, ಅವಳ ಕಣ್ಣಿಗೆ ಬಿತ್ತು. ಚೌಕಟ್ಟಿನ ಎರಡೂ ಬದಿಗೆ ಕಾಲಿಟ್ಟು ನಿಂತಳು. ಮೈಗೂ ಕಬ್ಬಿಣಕ್ಕೂ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು, ಅಳತೆ ಸರಿಯಾಗಿತ್ತು. ಬ್ರೇಕಿನ ಲಿವರ್ ಅವಳ ಬೆರಳಿಗೆ ಎಟುಕಲಿಲ್ಲ. ಚಾಚಾ ತಿರುಪು ತಿರುಗಿಸಿ ಹತ್ತಿರ ತಂದರು. ಸೀಟು ಕಿರಿದಾಯಿತು, ಕೂತರೆ ನೋಯುತ್ತದೆ ಎಂದು ಅವಳು ಎಲ್ಲರೆದುರೇ ಹೇಳಿದಳು. ಅಗಲದ್ದು ಹಾಕಿದರು. ಕೊನೆಗೆ ಚಾಚಾ ಅದೇ ಪ್ರಶ್ನೆ ಕೇಳಿದರು.

“ವಜನ್ ಎಷ್ಟು?”

“ಐವತ್ತೊಂದು!” ಎಂದಳು, ಹಾಜರಿ ಹೇಳುವಷ್ಟು ಜೋರಾಗಿ.

ಯಾರೂ ತಿರುಗಿ ನೋಡಲಿಲ್ಲ. ಒಬ್ಬಾತ ಚಹಾಕ್ಕೆ ಇನ್ನಷ್ಟು ಸಕ್ಕರೆ ಕೇಳಿದ. ಅಷ್ಟೇ. ನಾನು ಹೆದರಿದ್ದು ಇಷ್ಟಕ್ಕೆ.

ಗಾಳಿ ತುಂಬಿದ ಮೇಲೆ ಶೆಡ್ಡಿನ ಹಿಂದಿನ ಕೆಂಪು ಕಲ್ಲಿನ ದಿಣ್ಣೆಗೆ ಸೈಕಲ್ ಹೊತ್ತು ಹತ್ತಿದಳು. ಮೇಲೆ ನಿಂತು ಬಹಳ ಹೊತ್ತು ಕೆಳಗೆ ನೋಡಿದಳು. ಒಂದು ಕೈ ಮುರಿದಿದ್ದ ಹೆಗಲಿನ ಮೇಲಿತ್ತು. “ಬ್ಯಾಡ, ಇಳಿದು ಬಾ” ಎಂದು ಕೂಗಬೇಕೆನಿಸಿತು. ಚಾಚಾ ನನ್ನ ತೋಳು ಹಿಡಿದರು. ಅವಳು ಸೈಕಲ್ ಹತ್ತಿ ಬ್ರೇಕ್ ಬಿಟ್ಟಳು. ಮೊದಲ ಕಲ್ಲಿಗೆ ಹಿಂದಿನ ಗಾಲಿ ಮೇಲೆದ್ದಿತು. ಶಾಕ್ ಒಳಗೆ ಸರಿದು ಮತ್ತೆ ಹೊರಬಂತು, ಅವಳು ಅಲುಗಲಿಲ್ಲ. ಕೆಳಗೆ ಬಂದು ಧೂಳೆಬ್ಬಿಸಿ ನಿಂತು, “ಅಣ್ಣಾ, ಒದೀಲಿಲ್ಲ!” ಎಂದು ಕೂಗಿದಳು. ಮತ್ತೆ ಎರಡು ಸಲ ಹತ್ತಿ ಇಳಿದಳು.

ಹಳೆಯದನ್ನು ಬಿಟ್ಟು ಕುಳ್ಳನೆಯದನ್ನು ತೆಗೆದುಕೊಂಡು ಎರಡು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬಂದೆವು. ಬಸವಕಲ್ಯಾಣದ ಬಸ್ಸು ನಿಂತಿತ್ತು. ನಾನು ಸೈಕಲ್ ಕಟ್ಟಲು ಹಗ್ಗ ಬಿಚ್ಚುತ್ತಿದ್ದೆ.

“ನಮ್ಮ ಕಾಲೇಜಿನ ಹುಡುಗ್ಯಾರು ಮೂರು ಮಂದಿ ಸೈಕಲ್ ನೋಡಾಕತ್ತಾರ” ಎಂದಳು ಸುಜಾತಾ. “ಈ ಚಾಚಾನ ಅಂಗಡಿಗೆ ಹೋಗಬ್ಯಾಡ್ರಿ ಅಂತ ಹೇಳ್ತೀನಿ. ಮನುಷ್ಯ ಚಲೋ ಖರೆ, ಆದ್ರ ಹುಡುಗಿ ಬರದ ಚೀಟಿ ಅಂತ ನೋಡೇ ಇಲ್ಲ. ನೀ ಒಬ್ಬನೇ ನೋಡು ಅಣ್ಣಾ, ನನ್ನ ಮಾತಿಗೆ ಬೆಲೆ ಕೊಟ್ಟಾಂವ.”

ಕೈಯಲ್ಲಿನ ಹಗ್ಗ ಹಾಗೇ ನಿಂತಿತು. ಕಂಡಕ್ಟರ್ ಸೀಟಿ ಊದಿದ.

“ಸುಜಾತಾ, ನಡಿ, ಅಂಗಡಿಗೆ ತಿರುಗಿ ಹೋಗೋಣ.”

“ತಲಿ ಕೆಟ್ಟದೇನು? ಬಸ್ ಹೊಂಟದ!”

“ಹೋಗಲಿ. ನಡಿ.”

ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ದಾರಿಯುದ್ದಕ್ಕೂ ಅವಳು ಏನಾಯಿತು, ಏನು ಮರೆತೆ ಎಂದು ಕೇಳುತ್ತಲೇ ಇದ್ದಳು. ನಾನು ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆದೆ. ಮುಖ ನೋಡಿದರೆ ಮತ್ತೆ ಬಾಯಿ ಕಟ್ಟುತ್ತದೆಂದು ಗೊತ್ತಿತ್ತು. ಚಾಚಾ ನಮ್ಮನ್ನು ಕಂಡು ಎದ್ದು ನಿಂತರು. ನನ್ನ ಮುಖ ನೋಡಿ, ಬೇಡ ಎನ್ನುವಂತೆ ತಲೆ ಆಡಿಸಿದರು. ಚಹಾದ ಬಂಡಿಯ ಮುಂದೆ ನಾಲ್ವರಿದ್ದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ಚಾಚಾಂದು ಏನೂ ಚೂಕ್ ಇಲ್ಲ. ನಿನ್ನ ಚೀಟಿ ನನ್ನ ಕಿಸೇದಾಗೇ ಇತ್ತು, ನಾ ತೋರಿಸಲಿಲ್ಲ. ಮಂದಿ ಮುಂದ ನಿನ್ನ ವಜನ್ ಹೇಳಾಕ ನಾಚಿ, ಸೈಕಲ್ ನನಗಂತ ಸುಳ್ಳು ಹೇಳಿದೆ. ನೀ ಬಿದ್ದಿದ್ದು ನನ್ನಿಂದ, ಎರಡು ತಿಂಗಳು ಅತ್ತಿದ್ದೂ ನನ್ನಿಂದ. ತಪ್ಪಾತು ತಂಗೀ. ನನ್ನ ಮಾಫ್ ಮಾಡು.”